ಬೀರುವಿನೊಳಗಿನ ಒಂದೇ ಪ್ರತಿ

ನಮ್ಮ ಮನೆಗಳಲ್ಲಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇರುವ ಜಾಗ ಹೆಚ್ಚೂಕಡಿಮೆ ಒಂದೇ: ಬೀರುವಿನ ಲಾಕರ್. ಜಮೀನಿನ ಪತ್ರಗಳ ಕಟ್ಟು, ಮಕ್ಕಳ ಜಾತಕ, ಎರಡೆಳೆ ಚಿನ್ನ, ಅದರ ಪಕ್ಕದಲ್ಲಿ ಹಳೇ ಕರವಸ್ತ್ರದಲ್ಲಿ ಸುತ್ತಿಟ್ಟ ಅಂಗೈಯಗಲದ ಕಪ್ಪು ಡಬ್ಬಿ. ಮದುವೆಯ ವಿಡಿಯೊ, ಮಗುವಿನ ಮೊದಲ ಹೆಜ್ಜೆ, ತೀರಿಹೋದ ಅಜ್ಜಿಯ ದನಿ, ಸ್ಕ್ಯಾನ್ ಮಾಡಿಟ್ಟ ಮಾರ್ಕ್ಸ್‌ಕಾರ್ಡು, ಎಲ್ಲವೂ ಅದರೊಳಗೆ. ಕೇಳಿದರೆ, "ಎಲ್ಲ ಬ್ಯಾಕಪ್ ಮಾಡಿಟ್ಟಿದ್ದೇವೆ" ಎನ್ನುತ್ತಾರೆ. ಫೋನಿನಲ್ಲೂ ಇದೆಯಾ ಎಂದರೆ, "ಇಲ್ಲ, ಜಾಗ ಸಾಲುತ್ತಿರಲಿಲ್ಲ. ಡಿಸ್ಕಿಗೆ ಹಾಕಿ ಅಲ್ಲಿಂದ ಡಿಲೀಟ್ ಮಾಡಿದೆವು" ಎಂಬ ಉತ್ತರ.

ಹಾಗಾದರೆ ಅದು ಬ್ಯಾಕಪ್ ಅಲ್ಲ. ಫೋನಿನಲ್ಲಿದ್ದ ಒಂದೇ ಪ್ರತಿ ಈಗ ಬೀರುವಿಗೆ ಸ್ಥಳಾಂತರವಾಗಿದೆ, ಅಷ್ಟೆ. ಬೀರುವಿನ ಬೀಗ ಕಳ್ಳನನ್ನು ತಡೆದೀತು. ಡಬ್ಬಿಯೊಳಗೆ ತನ್ನಷ್ಟಕ್ಕೆ ನಡೆಯುವ ಸವೆತವನ್ನು ಅದು ತಡೆಯಲಾರದು.

ಈ ಮಾತನ್ನು ಈಗ ಒತ್ತಿ ಹೇಳಲು ಕಾರಣವಿದೆ. 2016ರ ನಂತರ ಮೊಬೈಲ್ ಡೇಟಾ ಅಗ್ಗವಾಯಿತು, ಕ್ಯಾಮೆರಾ ಇರುವ ಫೋನು ಮನೆಮನೆಗೆ ಬಂತು. ಹಿಂದೆ ಒಂದು ಕುಟುಂಬ ಇಡೀ ಜನ್ಮದಲ್ಲಿ ತೆಗೆಸುತ್ತಿದ್ದಷ್ಟು ಫೋಟೊ ಒಂದು ಹಬ್ಬದಲ್ಲಿ ತುಂಬತೊಡಗಿತು. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಜಾಗ ಕೊಡುವುದನ್ನು ನಿಲ್ಲಿಸಿತು. ಹದಿನೈದು ಜಿಬಿ ಮೀರಿದರೆ ದುಡ್ಡು ಕಟ್ಟಬೇಕು. ನನ್ನ ಪರಿಚಯದ ಎಷ್ಟೋ ಮಂದಿ ಆಗಲೇ ಒಂದು ಟಿಬಿ, ಎರಡು ಟಿಬಿಯ ಡಿಸ್ಕ್ ತಂದು ಎಲ್ಲವನ್ನೂ ಅದಕ್ಕೆ ಸುರಿದರು. ಆ ಡಿಸ್ಕ್‌ಗಳು ಈಗ ನಾಲ್ಕೈದು ವರ್ಷ ದಾಟುತ್ತಿವೆ. ಅವುಗಳ ವಾರಂಟಿ ಹೆಚ್ಚಾಗಿ ಮೂರು ವರ್ಷದ್ದು. ಆ ವಾರಂಟಿಯೂ ಡಬ್ಬಿಗೇ ಹೊರತು ಒಳಗಿನ ಡೇಟಾಗೆ ಅಲ್ಲ. ಕೆಟ್ಟರೆ ಹೊಸ ಖಾಲಿ ಡಿಸ್ಕ್ ಕೊಟ್ಟು ಕಳಿಸುತ್ತಾರೆ.

ಹಾರ್ಡ್‌ಡಿಸ್ಕ್ ಎಷ್ಟು ವರ್ಷ ಬಾಳುತ್ತದೆ ಎಂಬುದಕ್ಕೆ ಅಳೆದು ಕಂಡ ಲೆಕ್ಕಗಳಿವೆ. 2007ರ ಫೆಬ್ರುವರಿಯಲ್ಲಿ ಅಮೆರಿಕದ ಸ್ಯಾನ್‌ಹೋಸೆಯಲ್ಲಿ ನಡೆದ ಒಂದೇ ಸಮ್ಮೇಳನದಲ್ಲಿ ಎರಡು ಪ್ರಬಂಧಗಳು ಮಂಡನೆಯಾದವು. ಒಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಅವರದು. ಸುಮಾರು ಒಂದು ಲಕ್ಷ ಡಿಸ್ಕ್‌ಗಳ ದಾಖಲೆ ನೋಡಿದ್ದರು. ತಯಾರಕರ ಕರಪತ್ರದಲ್ಲಿ ಸರಾಸರಿ 10 ಲಕ್ಷದಿಂದ 15 ಲಕ್ಷ ಗಂಟೆಗೊಮ್ಮೆ ಕೆಡಬಹುದು ಎಂದಿರುತ್ತದೆ. ಹತ್ತು ಲಕ್ಷ ಗಂಟೆ ಎಂದರೆ 114 ವರ್ಷ. ಆ ಪ್ರಕಾರ ವರ್ಷಕ್ಕೆ ನೂರರಲ್ಲಿ ಒಂದು ಡಿಸ್ಕ್ ಕೂಡ ಬದಲಿಸುವಂತಿರಬಾರದು. ಅವರು ಕಂಡದ್ದು ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ನಾಲ್ಕು, ಕೆಲವು ಕಡೆ 13ರವರೆಗೆ.

ಇನ್ನೊಂದು ಗೂಗಲ್‌ನ ಸಂಶೋಧಕರದು. ಅದೂ ಒಂದು ಲಕ್ಷಕ್ಕೂ ಮಿಕ್ಕಿದ ಡಿಸ್ಕ್‌ಗಳ ಅಧ್ಯಯನವೇ. ಪ್ರತಿ ಹಾರ್ಡ್‌ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುವ 'ಸ್ಮಾರ್ಟ್' ಎಂಬ ವ್ಯವಸ್ಥೆ ಇದೆ. ಓದಲಾಗದ ಜಾಗ ಎಷ್ಟು, ಕೆಟ್ಟ ಭಾಗದ ಬದಲಿಗೆ ಬೇರೆ ಭಾಗ ಬಳಸಿದ್ದು ಎಷ್ಟು ಎಂದೆಲ್ಲ ಅದು ಎಣಿಸುತ್ತದೆ. ಮೊದಲ ಓದುದೋಷ ಕಾಣಿಸಿಕೊಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ ಉಳಿದವುಗಳಿಗಿಂತ 39 ಪಟ್ಟು ಹೆಚ್ಚು ಎಂದು ಅವರು ಕಂಡರು. ಅಂದರೆ ಆ ಎಚ್ಚರಿಕೆ ಬಂದರೆ ನಂಬಬೇಕು. ಅದೇ ಪ್ರಬಂಧದ ಇನ್ನೊಂದು ಅಂಕಿ ನನ್ನನ್ನು ಹೆಚ್ಚು ಕಾಡುತ್ತದೆ. ಕೆಟ್ಟ ಡಿಸ್ಕ್‌ಗಳಲ್ಲಿ ನೂರಕ್ಕೆ 56ರಲ್ಲಿ, ಅತಿ ಬಲವಾದ ನಾಲ್ಕು ಲಕ್ಷಣಗಳಲ್ಲಿ ಒಂದೂ ಕಾಣಿಸಿಕೊಂಡಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಡಿಸ್ಕ್‌ಗಳು ಆ ಸೂಚನೆ ಕೊಡದೆಯೇ ಹೋದವು. "ಕೆಡುವ ಹಾಗೆ ಕಂಡರೆ ಆಗ ಕಾಪಿ ಮಾಡಿಕೊಂಡರಾಯಿತು" ಎನ್ನುವವರು ಈ ಸಂಖ್ಯೆಯನ್ನು ನೆನಪಿಡಬೇಕು.

ಜನರ ಡೇಟಾ ಇಟ್ಟುಕೊಡುವ ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಕಂಪನಿ ತನ್ನ ಡಿಸ್ಕ್‌ಗಳು ಕೆಡುವ ಲೆಕ್ಕವನ್ನು ವರ್ಷವರ್ಷವೂ ಪ್ರಕಟಿಸುತ್ತದೆ. 2013ರ ಅವರ ಲೆಕ್ಕದಲ್ಲಿ ಮೊದಲ ಒಂದೂವರೆ ವರ್ಷ ವಾರ್ಷಿಕ ಶೇ 5.1, ಆಮೇಲಿನ ಒಂದೂವರೆ ವರ್ಷ ಶೇ 1.4, ಮೂರು ವರ್ಷ ದಾಟಿದ ಮೇಲೆ ಶೇ 11.8. ನಾಲ್ಕು ವರ್ಷಕ್ಕೆ ಐದರಲ್ಲಿ ನಾಲ್ಕು ಉಳಿದಿದ್ದವು, ಒಂದು ಹೋಗಿತ್ತು. ಈಚಿನ ಡಿಸ್ಕ್‌ಗಳು ಇದಕ್ಕಿಂತ ಚೆನ್ನಾಗಿವೆ. 2023ರಲ್ಲಿ ಶೇ 1.4, 2024ರಲ್ಲಿ ಶೇ 1.57. ಸಮಾಧಾನದ ಸಂಗತಿಯೇ. ಆದರೆ ವರ್ಷಕ್ಕೆ ಶೇ ಒಂದೂವರೆ ಎಂದೇ ಹಿಡಿದು ಎಂಟು ವರ್ಷಕ್ಕೆ ಲೆಕ್ಕ ಹಾಕಿ ನೋಡಿ: ನೂರರಲ್ಲಿ 11 ಡಿಸ್ಕ್ ಹೋಗಿರುತ್ತವೆ. ಒಂಬತ್ತು ಮನೆಗೊಂದು. ಇದೂ ಎಸಿ ಕೋಣೆಯಲ್ಲಿ, ಕರೆಂಟು ಕೈಕೊಡದ ಕಡೆ, ಯಾರೂ ಮುಟ್ಟದೆ, ಬೀಳಿಸದೆ ಇಟ್ಟ ಡಿಸ್ಕ್‌ಗಳ ಲೆಕ್ಕ. ನಮ್ಮ ಡಿಸ್ಕ್ ಊಟದ ಮೇಜಿನ ಮೇಲೆ, ಬಸ್ಸಿನ ಲಗೇಜಿನಲ್ಲಿ, ಮಕ್ಕಳ ಕೈಗೆಟಕುವಲ್ಲಿ ಇರುತ್ತದೆ.

ನನ್ನ ಸೋದರಮಾವ ಶಿರಸಿ ಕಡೆಯವರು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಎಲ್ಲಿ ತಾಳಮದ್ದಳೆ ನಡೆದರೂ ಟೇಪ್‌ರೆಕಾರ್ಡರ್ ಹಿಡಿದು ಹೋಗಿ ಕೂರುತ್ತಿದ್ದರು. ದೊಡ್ಡ ಅರ್ಥಧಾರಿಗಳ ಕೂಟಗಳ ಜತೆಗೆ ಹೆಸರೇ ಉಳಿಯದ ಹಳ್ಳಿಯ ಭಾಗವತರ ಹಾಡುಗಳೂ ಆ ಕ್ಯಾಸೆಟ್‌ಗಳಲ್ಲಿದ್ದವು. ಇನ್ನೂರಕ್ಕೂ ಹೆಚ್ಚು. ಮಲೆನಾಡಿನ ಮಳೆಗೆ ಅವು ಬೂಸು ಹಿಡಿಯತೊಡಗಿದಾಗ, 2014ರ ಬೇಸಿಗೆ ರಜೆ ಪೂರ್ತಿ ಅವರ ಜಗಲಿಯಲ್ಲಿ ಕೂತು ಒಂದೊಂದನ್ನೇ ಕಂಪ್ಯೂಟರಿಗೆ ಹತ್ತಿಸಿ ಒಂದು ಟಿಬಿಯ ಡಿಸ್ಕಿಗೆ ಹಾಕಿದವನು ನಾನು. ಕ್ಯಾಸೆಟ್‌ಗಳನ್ನು ಗುಜರಿಗೆ ಕೊಟ್ಟೆವು. ಡಿಸ್ಕಿನಲ್ಲಿ ಇದೆಯಲ್ಲ ಎಂದು ನಾನೇ ಧೈರ್ಯ ಹೇಳಿದ್ದೆ.

ಏಳು ವರ್ಷ ಏನೂ ಆಗಲಿಲ್ಲ. 2021ರ ಆಷಾಢದಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಕೇಳುತ್ತಿದ್ದಾಗ ಯಾರದೋ ಕಾಲಿಗೆ ಕೇಬಲ್ ತೊಡರಿತು. ಮೇಜಿನಿಂದ ಸಿಮೆಂಟ್ ನೆಲಕ್ಕೆ ಎರಡೂವರೆ ಅಡಿ. ಡಬ್ಬಿಗೆ ಒಂದು ಗೀರೂ ಬಿದ್ದಿರಲಿಲ್ಲ. ಮತ್ತೆ ಸಿಕ್ಕಿಸಿದರೆ ಒಳಗಿನಿಂದ ಗೋಡೆ ಗಡಿಯಾರದಂತೆ ಟಕ್, ಟಕ್, ಟಕ್. "ಎಂತ ಆತೋ ತಮಾ?" ಎಂದು ಮಾವ ಫೋನಿನಲ್ಲಿ ಕೇಳಿದಾಗ, ಬೇರೆ ಕೇಬಲ್ ಹಾಕಿ ನೋಡಿ, ಬೇರೆ ಲ್ಯಾಪ್‌ಟಾಪಿಗೆ ಹಾಕಿ ನೋಡಿ ಎಂದು ನಾನು ಹೇಳಿದೆ. ಅವರು ಎರಡು ದಿನ ಅದನ್ನೇ ಮಾಡಿದರು. ಆ ಸಲಹೆ ಕೊಡಬಾರದಿತ್ತು. ಏಕೆಂದು ತಿಳಿಯಲು ಆ ಡಬ್ಬಿಯೊಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಒಳಗೆ ಕನ್ನಡಿಯಂತೆ ಹೊಳೆಯುವ ಒಂದೆರಡು ತಟ್ಟೆಗಳು. ಅಗಲ ಸುಮಾರು ಆರೂವರೆ ಸೆಂಟಿಮೀಟರ್. ನಾವು ಬಳಸುವ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಅವು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತವೆ. ಅಂಚಿನ ವೇಗ ಗಂಟೆಗೆ 65 ಕಿಲೋಮೀಟರಿನಷ್ಟಾಗುತ್ತದೆ. ಘಟ್ಟದ ರಸ್ತೆಯಲ್ಲಿ ಬಸ್ಸು ಹೋಗುವುದಕ್ಕಿಂತ ಜೋರು. ಆ ತಟ್ಟೆಯ ಮೇಲೆ, ಮುಟ್ಟದೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಓದುವ ತಲೆ ತೇಲುತ್ತಿರುತ್ತದೆ. ಅದನ್ನು ಹಾಗೆ ಎತ್ತಿ ಹಿಡಿದಿರುವುದು ತಟ್ಟೆ ತಿರುಗುವಾಗ ಹುಟ್ಟುವ ಗಾಳಿಯ ತೆಳುಪದರ. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್ ಎಂದರೆ ಆ ಸಂದಿ ಎಷ್ಟು ಕಿರಿದು ಎಂದು ಅಂದಾಜಾಗುತ್ತದೆ. ಬೆರಳಚ್ಚಿನ ಎಣ್ಣೆಪಸೆಯೂ ಅಲ್ಲಿ ಗುಡ್ಡವೇ.

ಡಿಸ್ಕ್ ಆಫ್ ಆಗುವಾಗ ತಲೆ ತಟ್ಟೆಯಿಂದಾಚೆ ಸರಿದು ತನ್ನ ಗೂಡು ಸೇರಿಕೊಳ್ಳುತ್ತದೆ. ಹಾಗಾಗಿ ಆಫ್ ಇದ್ದಾಗ ಬಿದ್ದರೆ ಬದುಕುವ ಸಾಧ್ಯತೆ ಚೆನ್ನಾಗಿದೆ. ಚಾಲೂ ಇದ್ದಾಗ ಬಿದ್ದರೆ ತಲೆ ತಟ್ಟೆಗೆ ಬಡಿಯುತ್ತದೆ. ಬಡಿದ ತಲೆ ಸೊಟ್ಟಗಾದರೆ ತಾನು ಎಲ್ಲಿದ್ದೇನೆ ಎಂದು ಗೊತ್ತಾಗದೆ ಗೂಡಿಗೂ ತಟ್ಟೆಗೂ ಮತ್ತೆ ಮತ್ತೆ ಓಡಾಡುತ್ತದೆ. ಆ ಓಡಾಟದ ಸದ್ದೇ ಟಕ್ ಟಕ್. ಒಂದೊಂದು ಸಲ ಕರೆಂಟು ಕೊಟ್ಟಾಗಲೂ ಮುರಿದ ತುದಿ ತಟ್ಟೆಯ ಮೇಲಿನ ಕಾಂತೀಯ ಲೇಪವನ್ನು ಕೆರೆಯುತ್ತದೆ. ಡೇಟಾ ಇರುವುದು ಆ ಲೇಪದಲ್ಲೇ. ಕೊನೆಗೆ ಮಾವನ ಡಿಸ್ಕನ್ನು ಬೆಂಗಳೂರಿನ ಡೇಟಾ ರಿಕವರಿಯವರಿಗೆ ಕೊಟ್ಟೆವು. ಅವರು ಅದನ್ನು ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ ತೆಗೆದ ಫೋಟೊ ಕಳಿಸಿದರು. ಹೊಳೆಯುವ ತಟ್ಟೆಯ ನಡುವೆ ಬಳೆಯಷ್ಟು ಅಗಲದ ಮಂಕು ಗೆರೆ. "ಬಿದ್ದ ಕೂಡಲೇ ತಂದಿದ್ದರೆ ಪ್ರಯತ್ನಿಸಬಹುದಿತ್ತು" ಎಂದರು. ಆ ಮಂಕು ಗೆರೆಯಲ್ಲಿ ಎಷ್ಟೋ ರಾತ್ರಿಗಳ ತಾಳಮದ್ದಳೆ ಪುಡಿಯಾಗಿತ್ತು.

ಆದ್ದರಿಂದ ಡಿಸ್ಕಿನಿಂದ ಹೊಸ ಸದ್ದು ಬಂದರೆ ಮಾಡಬೇಕಾದದ್ದು ಒಂದೇ. ಕೇಬಲ್ ತೆಗೆಯಿರಿ, ಮತ್ತೆ ಹಾಕಬೇಡಿ. ಇಂಟರ್ನೆಟ್ಟಿನಿಂದ ಇಳಿಸಿದ ರಿಕವರಿ ಸಾಫ್ಟ್‌ವೇರ್ ಓಡಿಸಬೇಡಿ, ಅದು ಗಂಟೆಗಟ್ಟಲೆ ಡಿಸ್ಕನ್ನು ತಿರುಗಿಸಿ ಉಳಿದದ್ದನ್ನೂ ಕೆರೆಸುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ತಣ್ಣಗಾದ ಡಿಸ್ಕ್ ಹೊರಗೆ ಬಂದೊಡನೆ ತಟ್ಟೆಯ ಮೇಲೆ ನೀರಿನ ಹನಿ ಕೂರುತ್ತದೆ, ಅಷ್ಟೇ ಆಗುವುದು. ಸದ್ದಿಲ್ಲದೆ ಕೆಡುವ ಇನ್ನೊಂದು ಬಗೆಯೂ ಇದೆ. ಸಿಕ್ಕಿಸಿದೊಡನೆ "ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು" ಎಂದು ವಿಂಡೋಸ್ ಕೇಳುತ್ತದೆ. ಹೌದು ಎಂದು ಒತ್ತಿಬಿಟ್ಟವರು ಅನೇಕರು. ಅಲ್ಲಿ ಹಾಳಾಗಿರುವುದು ಬಹುಪಾಲು ಫೈಲ್‌ಗಳಲ್ಲ, ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ. ಬೇಡ ಎಂದು ಒತ್ತಿ, ಗೊತ್ತಿದ್ದವರಿಗೆ ತೋರಿಸಿದರೆ ಸಿಗುವ ಅವಕಾಶ ದೊಡ್ಡದು.

ಆ ಪಟ್ಟಿ ಹಾಳಾಗಲು ಮುಖ್ಯ ಕಾರಣ ಕೆಲಸ ನಡೆಯುತ್ತಿರುವಾಗಲೇ ಕೇಬಲ್ ಎಳೆಯುವುದು. ಕಾಪಿ ಮುಗಿಯಿತು ಎಂದು ಪರದೆ ಹೇಳಿದರೂ ಕಂಪ್ಯೂಟರ್ ಒಂದಿಷ್ಟನ್ನು ಇನ್ನೂ ತನ್ನ ನೆನಪಿನಲ್ಲೇ ಹಿಡಿದಿಟ್ಟುಕೊಂಡಿರಬಹುದು. ವಿಂಡೋಸ್ 10ರ 2018ರ ಒಂದು ಆವೃತ್ತಿಯಿಂದ ಹೊರಗಿನ ಡ್ರೈವ್‌ಗಳಿಗೆ ಈ ಅಭ್ಯಾಸವನ್ನು ಕಡಿಮೆ ಮಾಡಿದ್ದಾರೆ ನಿಜ. ಹಾಗೆಂದು ಎಜೆಕ್ಟ್ ಮಾಡುವುದನ್ನು ಬಿಡಬಾರದು. ಎಜೆಕ್ಟ್ ಒತ್ತಿ, ತಟ್ಟೆ ನಿಲ್ಲುವವರೆಗೆ ಹತ್ತು ಸೆಕೆಂಡ್ ಕಾದು, ಆಮೇಲೆ ಕೈಗೆತ್ತಿಕೊಳ್ಳಿ. ಕ್ಯಾಮೆರಾ, ಟಿವಿ, ಮ್ಯಾಕ್ ಎಲ್ಲಕ್ಕೂ ಹೊಂದಲಿ ಎಂದು ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿದ ಡ್ರೈವ್‌ಗಳಿಗಂತೂ ಇದು ಇನ್ನೂ ಮುಖ್ಯ. ಎನ್‌ಟಿಎಫ್‌ಎಸ್‌ನಲ್ಲಿ ಅರ್ಧಕ್ಕೆ ನಿಂತ ಕೆಲಸವನ್ನು ಸರಿಪಡಿಸಿಕೊಳ್ಳಲು ಒಂದು ದಿನಚರಿ ಪುಸ್ತಕವಿದೆ, ಎಕ್ಸ್‌ಫ್ಯಾಟ್‌ನಲ್ಲಿ ಇಲ್ಲ.

ಸುತ್ತುವ ತಟ್ಟೆಯೇ ತೊಂದರೆ ಎಂದಾದರೆ ಎಸ್‌ಎಸ್‌ಡಿ ಕೊಂಡರಾಯಿತಲ್ಲ ಎಂದು ಕೇಳುವವರಿದ್ದಾರೆ. ಬೀಳುವ ಭಯಕ್ಕೆ ಅದು ಒಳ್ಳೆಯ ಉತ್ತರ. ಆದರೆ ಬೀರುವಿನಲ್ಲಿ ವರ್ಷಗಟ್ಟಲೆ ಮುಟ್ಟದೆ ಇಡುವ ಸಾಮಾನು ಅದಲ್ಲ. ಎಸ್‌ಎಸ್‌ಡಿ, ಪೆನ್‌ಡ್ರೈವ್, ಮೆಮೊರಿ ಕಾರ್ಡು ಮೂರರಲ್ಲೂ ಡೇಟಾ ಎಂದರೆ ಕಣ್ಣಿಗೆ ಕಾಣದ ಕೋಶಗಳಲ್ಲಿ ಸಿಕ್ಕಿಹಾಕಿದ ಎಲೆಕ್ಟ್ರಾನುಗಳು. ಒಂದು ಕೋಶದಲ್ಲಿ ಮೂರು ಬಿಟ್ ತುಂಬಿಸಬೇಕಾದರೆ ಎಂಟು ಮಟ್ಟಗಳನ್ನು, ನಾಲ್ಕು ಬಿಟ್ ಆದರೆ ಹದಿನಾರು ಮಟ್ಟಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಎಲೆಕ್ಟ್ರಾನುಗಳು ನಿಧಾನವಾಗಿ ಸೋರುತ್ತವೆ. ಮಟ್ಟ ಕದಲಿದರೆ ಓದು ತಪ್ಪುತ್ತದೆ. ಸೆಕೆ ಹೆಚ್ಚಾದಷ್ಟೂ ಸೋರಿಕೆ ಜೋರು.

ಈ ಉದ್ಯಮದ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ ನಿಯಮ ಹೀಗಿದೆ: ಮನೆಬಳಕೆಯ ಎಸ್‌ಎಸ್‌ಡಿ ತನ್ನ ಬರೆಯುವ ಆಯುಷ್ಯ ಪೂರ್ತಿ ಸವೆದ ಮೇಲೆ, ಕರೆಂಟಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಡೇಟಾ ಉಳಿಸಿಕೊಳ್ಳಬೇಕು. ಹೊಸ ಎಸ್‌ಎಸ್‌ಡಿ ಇದಕ್ಕಿಂತ ಬಹಳ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ಗಾಬರಿ ಬೇಡ. ಆದರೆ ಆ 30 ಡಿಗ್ರಿ ಎಂಬುದನ್ನು ಗಮನಿಸಿ. ಕಲಬುರಗಿ, ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುತ್ತದೆ. ಆರ್‌ಸಿಸಿ ತಾರಸಿಯ ಕೆಳಗಿನ ಮುಚ್ಚಿದ ಕೋಣೆ, ಅದರೊಳಗಿನ ಕಬ್ಬಿಣದ ಬೀರು ರಾತ್ರಿಯಾದರೂ ತಣ್ಣಗಾಗುವುದಿಲ್ಲ. ಸುತ್ತುವ ಡಿಸ್ಕ್‌ಗಳಿಗೂ ಸೆಕೆ ಆಗದು. ಹಲವು ಪೋರ್ಟಬಲ್ ಡಿಸ್ಕ್‌ಗಳ ಕರಪತ್ರದಲ್ಲಿ ಬಳಸುವಾಗ 5ರಿಂದ 35 ಡಿಗ್ರಿಯೊಳಗೆ ಇರಬೇಕು ಎಂದೇ ಬರೆದಿರುತ್ತದೆ. ಆ ಊರುಗಳವರು ದೊಡ್ಡ ಕಾಪಿ ಕೆಲಸವನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳುವುದು ಲೇಸು. ಕರಾವಳಿ, ಮಲೆನಾಡಿನವರಿಗೆ ಶೀತದ ಕಾಟ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡಿ, ಹೊರಗಿನಿಂದ ತಂದ ಡಿಸ್ಕನ್ನು ಕೋಣೆಯ ಹವೆಗೆ ಅರ್ಧ ತಾಸು ಹೊಂದಿಕೊಳ್ಳಲು ಬಿಟ್ಟು ಆಮೇಲೆ ಸಿಕ್ಕಿಸಿ.

ಅಂತೂ ಯಾವ ಬಗೆಯದಾದರೂ ಡ್ರೈವನ್ನು ಆಗಾಗ ಎಬ್ಬಿಸಬೇಕು. ನಾನು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ತೆಗೆಯುತ್ತೇನೆ.

ಈಗ ಬೇರೆ ಬಗೆಯ ಅಪಾಯ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರ್‌ಗಳು ನಿಂತವು. ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟಿಬಿ ಡೇಟಾವನ್ನು ದಾಳಿಕೋರರು ಬೀಗಮುದ್ರೆ ಹಾಕಿ ಓದಲಾಗದಂತೆ ಮಾಡಿದ್ದರು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಹೊರರೋಗಿಗಳ ಚೀಟಿ, ದಾಖಲಾತಿ ಎಲ್ಲ ಎಷ್ಟೋ ದಿನ ಕೈಬರಹದಲ್ಲೇ ನಡೆಯಿತು. ಕೊನೆಗೆ ಇ-ಹಾಸ್ಪಿಟಲ್ ದಾಖಲೆ ಮರಳಿ ಸಿಕ್ಕಿದ್ದು ದಾಳಿ ತಟ್ಟದೆ ಉಳಿದ ಒಂದು ಬ್ಯಾಕಪ್ ಸರ್ವರ್‌ನಿಂದ. ಒಂದು ಟಿಬಿ ಚಿಲ್ಲರೆ ಎಂದರೆ ನಿಮ್ಮ ಬೀರುವಿನ ಡಿಸ್ಕಿನಷ್ಟೇ. ದೇಶದ ಅತಿ ದೊಡ್ಡ ಆಸ್ಪತ್ರೆಯೊಂದು ದಿನಗಟ್ಟಲೆ ತತ್ತರಿಸಲು ಅಷ್ಟು ಸಾಕಾಯಿತು.

ಸಣ್ಣವರನ್ನು ಯಾರು ಕೇಳುತ್ತಾರೆ ಎನ್ನಬೇಡಿ. ಡೇಟಾಗೆ ಬೀಗ ಹಾಕಿ, ತೆಗೆಯಲು ಹಣ ಕೇಳುವ, 'ಸ್ಟಾಪ್' ಎಂದು ಕರೆಯುವ ರ್‍ಯಾನ್ಸಮ್‌ವೇರ್ ಬಳಗ ಹರಡುವುದೇ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್‌ಗಳ ಮೂಲಕ, ಮನೆ ಮತ್ತು ಸಣ್ಣ ಅಂಗಡಿಗಳ ಕಂಪ್ಯೂಟರ್‌ಗಳಿಗೆ. ಫೋಟೊ ಸ್ಟುಡಿಯೊ, ಡಿಟಿಪಿ ಅಂಗಡಿಗಳಲ್ಲಿ ಅಂಥ ಸಾಫ್ಟ್‌ವೇರ್ ಎಷ್ಟು ಸಾಮಾನ್ಯ ಎಂದು ಆ ಕಸುಬಿನವರಿಗೆ ಗೊತ್ತು. ಆ ಪಿಡುಗು ಕಂಪ್ಯೂಟರಿನ ಒಳಗಿನ ಡಿಸ್ಕಿಗಷ್ಟೇ ನಿಲ್ಲುವುದಿಲ್ಲ. ಆ ಹೊತ್ತಿಗೆ ಸಿಕ್ಕಿಸಿರುವ ಎಕ್ಸ್‌ಟರ್ನಲ್ ಡ್ರೈವನ್ನೂ ಬಿಡುವುದಿಲ್ಲ. ದಿನವಿಡೀ ಕಂಪ್ಯೂಟರಿಗೆ ಅಂಟಿಕೊಂಡೇ ಇರುವ ಬ್ಯಾಕಪ್ ಡಿಸ್ಕ್ ಒಂದೇ ಏಟಿಗೆ ಮೂಲದ ಜತೆಗೇ ಹೋಗುತ್ತದೆ. ಕಾಪಿ ಮುಗಿದ ಮೇಲೆ ಕಳಚಿಡಬೇಕು ಎನ್ನುವುದು ಇದಕ್ಕೇ.

ಸಿಕ್ಕಿದ ಪೆನ್‌ಡ್ರೈವನ್ನೆಲ್ಲ ಸಿಕ್ಕಿಸುವ ಅಭ್ಯಾಸವೂ ಹೋಗಬೇಕು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು 297 ಪೆನ್‌ಡ್ರೈವ್‌ಗಳನ್ನು ಅಲ್ಲಲ್ಲಿ ಬೀಳಿಸಿ ಕಾದು ನೋಡಿದರು. 290ನ್ನು ಜನ ಎತ್ತಿಕೊಂಡರು. ಅವುಗಳಲ್ಲಿ 135ರ ಫೈಲ್‌ಗಳನ್ನು ತೆರೆದೂ ನೋಡಿದರು. 2016ರಲ್ಲಿ ಪ್ರಕಟವಾದ ಫಲಿತಾಂಶವಿದು. ನಮ್ಮಲ್ಲಿ ಬೀದಿಯಲ್ಲಿ ಬಿದ್ದದ್ದೇ ಬೇಕಾಗಿಲ್ಲ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಹಾಕಿ ತಂದ ಪೆನ್‌ಡ್ರೈವ್ ಸಾಕು. ಪ್ರಿಂಟಿಗೆಂದು ಒಂದು ಪೆನ್‌ಡ್ರೈವ್ ಬೇರೆಯೇ ಇಟ್ಟುಕೊಳ್ಳಿ, ಬ್ಯಾಕಪ್ ಡಿಸ್ಕನ್ನು ಹೊರಗಿನ ಯಾವ ಕಂಪ್ಯೂಟರಿಗೂ ತೋರಿಸಬೇಡಿ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಸಿ-ಡ್ಯಾಕ್ ರೂಪಿಸಿದ 'ಯುಎಸ್‌ಬಿ ಪ್ರತಿರೋಧ್' ಎಂಬ ಉಚಿತ ಸಾಧನವಿದೆ, ಅಂಗಡಿ ನಡೆಸುವವರಿಗೆ ಉಪಯೋಗಕ್ಕೆ ಬರುತ್ತದೆ.

ಇದರ ಜತೆಗೆ ನಕಲಿ ಡ್ರೈವ್‌ಗಳ ವ್ಯಾಪಾರ. ಸಾವಿರ, ಎರಡು ಸಾವಿರಕ್ಕೆ 16 ಟಿಬಿ ಎಂದು ಆನ್‌ಲೈನಿನಲ್ಲಿ ಮಾರುವ ಡಬ್ಬಿಯೊಳಗೆ ಇರುವುದು ಸಣ್ಣದೊಂದು ಮೆಮೊರಿ ಕಾರ್ಡು. 16 ಟಿಬಿ ಎಂದು ಕಂಪ್ಯೂಟರಿಗೆ ಸುಳ್ಳು ಹೇಳುವಂತೆ ಅದನ್ನು ತಿದ್ದಿರುತ್ತಾರೆ. ಮೋಸ ಮೊದಲ ದಿನ ಗೊತ್ತಾಗುವುದಿಲ್ಲ. ನಿಜವಾದ ಜಾಗ ತುಂಬಿದ ಮೇಲೂ ಅದು ಕಾಪಿ ಆಗುತ್ತಿದೆ ಎಂದೇ ತೋರಿಸುತ್ತದೆ. ಹೊಸದು ಹಳೆಯದರ ಮೇಲೆಯೇ ಬರೆಯಲ್ಪಡುತ್ತದೆ, ಇಲ್ಲವೇ ಎಲ್ಲೂ ಬರೆಯಲ್ಪಡುವುದಿಲ್ಲ. ಫೈಲಿನ ಹೆಸರು ಮಾತ್ರ ಪಟ್ಟಿಯಲ್ಲಿ ಇರುತ್ತದೆ, ತೆರೆದರೆ ಏನೂ ಇಲ್ಲ. ಎಚ್‌2ಟೆಸ್ಟ್‌ಡಬ್ಲ್ಯೂ, ಎಫ್‌3 ಎಂಬ ಉಚಿತ ಸಾಧನಗಳು ಇಡೀ ಡ್ರೈವನ್ನು ತುಂಬಿಸಿ, ಮತ್ತೆ ಓದಿ, ತಾಳೆ ನೋಡಿ ಹೇಳುತ್ತವೆ. ಹೊಸ ಡ್ರೈವ್ ತಂದರೆ ನಾನು ಒಂದು ರಾತ್ರಿ ಇದಕ್ಕೇ ಬಿಡುತ್ತೇನೆ. ಅಂಗಡಿಯಲ್ಲಿ ಬಿಲ್ ಹಾಕಿಸಿ ತಂದದ್ದಕ್ಕೂ ಈ ಪರೀಕ್ಷೆ ತಪ್ಪಿಲ್ಲ.

ಇಷ್ಟೆಲ್ಲ ಅಪಾಯಗಳಿಗೆ ಉತ್ತರವಾಗಿ ಉತ್ತಮ ಕಂಪನಿಯ ದುಬಾರಿ ಡ್ರೈವ್ ಹುಡುಕುವವರಿಗೆ ನನ್ನ ಸಲಹೆ ಬೇರೆ: ಅದೇ ದುಡ್ಡಿಗೆ ಸಾಧಾರಣವಾದ ಎರಡು ತನ್ನಿ. ವರ್ಷಕ್ಕೆ ನೂರಕ್ಕೆ ಎರಡು ಕೆಡುತ್ತವೆ ಎಂದುಕೊಳ್ಳಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಡ್ರೈವ್‌ಗಳು ಒಂದೇ ವರ್ಷದಲ್ಲಿ ಕೆಡುವ ಸಾಧ್ಯತೆ ಹತ್ತು ಸಾವಿರಕ್ಕೆ ನಾಲ್ಕು. ಒಂದು ಕೆಟ್ಟೊಡನೆ ಇನ್ನೊಂದು ತಂದು ಜೋಡಿ ಮಾಡಿದರೆ ಇನ್ನೂ ಕಡಿಮೆ. ಎಷ್ಟು ದುಬಾರಿ ಡ್ರೈವ್ ತಂದರೂ ಒಂದರಿಂದ ಈ ಭದ್ರತೆ ಬಾರದು.

ಆದರೆ 'ಸಂಬಂಧವಿಲ್ಲದ' ಎಂಬ ಮಾತಿನ ಮೇಲೆಯೇ ಈ ಲೆಕ್ಕ ನಿಂತಿದೆ. ಒಂದೇ ಚೀಲದಲ್ಲಿಟ್ಟ ಎರಡು ಡ್ರೈವ್ ಒಟ್ಟಿಗೇ ಕಳುವಾಗುತ್ತವೆ. ಒಂದೇ ಸ್ವಿಚ್ ಬೋರ್ಡಿಗೆ ಹಾಕಿದವು ಒಂದೇ ಸಿಡಿಲಿಗೆ ಸುಡುತ್ತವೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ, 2019ರಲ್ಲಿ ಕೃಷ್ಣೆ, ಮಲಪ್ರಭೆ ಉಕ್ಕಿ ಬೆಳಗಾವಿ, ಬಾಗಲಕೋಟೆಯ ಊರುಗಳಿಗೆ ನುಗ್ಗಿದಾಗ ಬೀರು ಸಮೇತ ಮನೆಗಳೇ ಹೋದವು. ಹೀಗಾಗಿ ಛಾಯಾಗ್ರಾಹಕ ಪೀಟರ್ ಕ್ರೋ ಹೇಳಿದ, ಈಗ ಎಲ್ಲ ಕಡೆ ಚಾಲ್ತಿಯಲ್ಲಿರುವ ನಿಯಮ: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಜಾಗದಲ್ಲಿ. ನಮ್ಮಂಥವರಿಗೆ ಇದು ಕಷ್ಟವೇನಲ್ಲ. ಲ್ಯಾಪ್‌ಟಾಪಿನಲ್ಲಿ ಒಂದು, ಬೀರುವಿನ ಡಿಸ್ಕಿನಲ್ಲಿ ಒಂದು, ಹುಬ್ಬಳ್ಳಿಯ ತಂಗಿಯ ಮನೆಯಲ್ಲಿ ಒಂದು. ಹಬ್ಬಕ್ಕೆ ಹೋದಾಗ ಹೊಸದನ್ನು ಕೊಟ್ಟು ಹಳೆಯದನ್ನು ತರುತ್ತೇನೆ. ಆಯ್ದ ನೂರು ಫೋಟೊ, ಮುಖ್ಯ ಕಾಗದಪತ್ರ ಕ್ಲೌಡಿನಲ್ಲೂ ಇವೆ.

ಬೇರೆಯವರ ಮನೆಗೆ ಹೋಗುವ ಡ್ರೈವಿನಲ್ಲಿ ಆಧಾರ್, ಪ್ಯಾನ್, ಬ್ಯಾಂಕಿನ ಕಾಗದ ಇದ್ದರೆ ಅದಕ್ಕೆ ಪಾಸ್‌ವರ್ಡಿನ ರಕ್ಷೆ ಬೇಕು. ವಿಂಡೋಸ್‌ನ ಬಿಟ್‌ಲಾಕರ್ 48 ಅಂಕಿಗಳ ಒಂದು ಮರುಪಡೆ ಸಂಖ್ಯೆ ಕೊಡುತ್ತದೆ. ಅದನ್ನು ಅದೇ ಡ್ರೈವಿನಲ್ಲಿ ಉಳಿಸಿಟ್ಟವರನ್ನು ನೋಡಿದ್ದೇನೆ. ಕಾಗದದ ಮೇಲೆ ಬರೆದು ಪತ್ರಗಳ ಕಟ್ಟಿನಲ್ಲಿಡಿ, ಮನೆಯಲ್ಲಿ ಇನ್ನೊಬ್ಬರಿಗೆ ತಿಳಿಸಿಡಿ. ಪಾಸ್‌ವರ್ಡ್ ಗೊತ್ತಿದ್ದ ಒಬ್ಬರೇ ತೀರಿಕೊಂಡರೆ ಎಲ್ಲ ಇದ್ದೂ ಇಲ್ಲದಂತೆ.

ಕಾಪಿ ಮಾಡಿದ್ದೇವೆ ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪನಿಯ ಎಂಜಿನಿಯರೊಬ್ಬರು ಮುಖ್ಯ ದತ್ತಸಂಚಯವನ್ನು ಕೈತಪ್ಪಿ ಅಳಿಸಿದರು. ಐದು ಬಗೆಯಲ್ಲಿ ಬ್ಯಾಕಪ್ ವ್ಯವಸ್ಥೆ ಮಾಡಿಟ್ಟಿದ್ದರು. ತೆಗೆದು ನೋಡಿದರೆ ಯಾವುದೂ ನೆಚ್ಚುವಂತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿದ್ದ ಪ್ರತಿ ಅವರನ್ನು ಉಳಿಸಿತು. ಕಂಪನಿಯೇ ಇದನ್ನು ಮುಚ್ಚಿಡದೆ ಬರೆದು ಪ್ರಕಟಿಸಿತು, ಅದಕ್ಕೆ ಅವರನ್ನು ಮೆಚ್ಚಬೇಕು. ಮನೆಯಲ್ಲಿ ಈ ಪರೀಕ್ಷೆ ಸುಲಭ. ಬ್ಯಾಕಪ್ ಡಿಸ್ಕನ್ನು ಬೇರೊಂದು ನಂಬುಗೆಯ ಕಂಪ್ಯೂಟರಿಗೆ ಹಾಕಿ, ಹಳೆಯ, ಹೊಸ, ನಡುವಿನ ಹತ್ತು ಫೈಲ್‌ಗಳನ್ನು ತೆರೆದು ಪೂರ್ತಿ ನೋಡಿ. ವಿಡಿಯೊ ಆದರೆ ಕೊನೆಯವರೆಗೂ ಓಡಿಸಿ. ಇನ್ನೂ ಅಚ್ಚುಕಟ್ಟಾಗಿ ಬೇಕೆನ್ನುವವರಿಗೆ ಚೆಕ್‌ಸಮ್ ಇದೆ. ಅದು ಫೈಲಿನ ಬೆರಳಚ್ಚು ಇದ್ದಂತೆ. ಒಂದು ಬಿಟ್ ಬದಲಾದರೂ ಬೆರಳಚ್ಚು ಬೇರೆಯಾಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಒಂದು ಮಾತು. ಡಿಸ್ಕ್ ಉಳಿದು, ಫೈಲ್ ಉಳಿದು, ಅಕ್ಷರ ಮಾತ್ರ ಹೋಗುವ ಕಷ್ಟ ನಮ್ಮದು. ಯೂನಿಕೋಡ್ ರೂಢಿಗೆ ಬರುವ ಮುಂಚೆ ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕತೆ, ಪ್ರಬಂಧ, ಇಡೀ ಪುಸ್ತಕಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತವೆ. ಮುದ್ರಣಾಲಯಗಳ ಪೇಜ್‌ಮೇಕರ್ ಫೈಲ್‌ಗಳ ಪಾಡು ಇನ್ನೂ ಕಷ್ಟ. ಆ ಸಾಫ್ಟ್‌ವೇರ್ ಏಳನೆಯ ಆವೃತ್ತಿಗೇ ನಿಂತಿತು. ಅದನ್ನು ಓಡಿಸಬಲ್ಲ ಹಳೆಯ ಕಂಪ್ಯೂಟರ್‌ಗಳೂ, ನಡೆಸಬಲ್ಲ ಕೈಗಳೂ ಕಡಿಮೆಯಾಗುತ್ತಿವೆ. ಪರಿವರ್ತಕ ಸಾಧನಗಳು ಇನ್ನೂ ಸಿಗುತ್ತಿರುವಾಗಲೇ ಯೂನಿಕೋಡಿಗೆ ತಂದು, ಜತೆಗೊಂದು ಪಿಡಿಎಫ್ ಮಾಡಿ, ಹಳೆಯ ಫಾಂಟನ್ನೂ ಅದೇ ಫೋಲ್ಡರಿನಲ್ಲಿ ಇಡಿ. ಲೇಖಕರ ಕುಟುಂಬದವರು ಇದನ್ನು ಈ ವರ್ಷವೇ ಮಾಡಬೇಕೆಂದು ನಾನು ಕೈಮುಗಿದು ಕೇಳುತ್ತೇನೆ.

ಮಾವನ ಡಿಸ್ಕಿನಿಂದ ಬೆಂಗಳೂರಿನವರು ತೆಗೆದುಕೊಟ್ಟದ್ದು ಹನ್ನೊಂದು ಫೈಲ್, ಅವುಗಳಲ್ಲಿ ನಾಲ್ಕು ನಡುನಡುವೆ ಕಡಿದುಹೋಗುತ್ತವೆ. ಆದರೆ ಆ ದೀಪಾವಳಿಗೆ ಹೊನ್ನಾವರದಿಂದ ನೆಂಟರೊಬ್ಬರು ಬಂದರು. ಆಟೊ ಓಡಿಸುವವರು, ತಾಳಮದ್ದಳೆಯ ಹುಚ್ಚಿನವರು. ಯಾವಾಗಲೋ ಮದುವೆ ಮನೆಯಲ್ಲಿ ಮಾವನಿಂದ ಒಂದು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋಗಿದ್ದರಂತೆ. ಅಂಗಿಯ ಜೇಬಿನಿಂದ ತೆಗೆದುಕೊಟ್ಟರು. ಮುಚ್ಚಳವಿರಲಿಲ್ಲ, ತುದಿ ಸವೆದಿತ್ತು. 37 ಕೂಟಗಳು ಅದರಲ್ಲಿ ಪೂರ್ತಿಯಾಗಿ ಇದ್ದವು. ಅದನ್ನು ಸಿಕ್ಕಿಸುವ ಮೊದಲು ನಾನು ಎರಡು ಖಾಲಿ ಡ್ರೈವ್ ತಂದು ಪಕ್ಕದಲ್ಲಿಟ್ಟುಕೊಂಡೆ. ಮೊದಲ ಕಾಪಿ ಮುಗಿಯಲು ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಮಾವ ಯಾರನ್ನೂ ಆ ಮೇಜಿನ ಹತ್ತಿರ ಸುಳಿಯಗೊಡಲಿಲ್ಲ.